ಗುರುಸಿದ್ದಮ್ಮನ ಮೈನ್ ಸ್ವಿಚ್ಚು

ಮಾಂಬಳ್ಳಿ ಪಕ್ಕದ ಹಳ್ಳಿಯೊಂದರ ಹಾಲಿನ ಡೇರಿಗೆ ಗುರುಸಿದ್ದಮ್ಮನೇ ಕಾರ್ಯದರ್ಶಿ. ಬೆಳಿಗ್ಗೆ ಡೇರಿಯ ಲಿನಕ್ಸ್ ಕಂಪ್ಯೂಟರಿನಿಂದ ಅವಳು ಹಾಕುವ ಹಾಡು ಮೈಕಿನಲ್ಲಿ ಕೇಳಿಸಿದ ಮೇಲೆಯೇ ಊರವರು ಹಾಲು ತರುವುದು. ಆದರೆ ಡೇರಿಗೆ ಬಂದ ಮೂರು ತಿಂಗಳಿಂದಲೂ ಆ ದರಿದ್ರ ಪೆಟ್ಟಿಗೆ ದಿನಾ ಮೂಕವಾಗಿ ಏಳುತ್ತಿತ್ತು. ಪರದೆಯ ಮೇಲೆ ಸದ್ದು ಏರಿಸಿ ಇಳಿಸುವ ಮಿಕ್ಸರ್ ತೆರೆದು ನೋಡಿದರೆ ನಿನ್ನೆ ಏರಿಸಿಟ್ಟ ವಾಲ್ಯೂಮೆಲ್ಲ ಸೊನ್ನೆ. ಜನ ಅವಳನ್ನು ಬೈಯುವುದು, ಅವಳು ಪೆಟ್ಟಿಗೆಯನ್ನು ಬೈಯುವುದು.

ಕೊಳ್ಳೇಗಾಲದಿಂದ ರಿಪೇರಿಗೆ ಬಂದ ಶಿವಪ್ರಕಾಶ್, "ಸಂಜೆ ಎಂಗೆ ಆಫ್ ಮಾಡ್ತೀರಕ್ಕಾ?" ಎಂದ.

ಗುರುಸಿದ್ದಮ್ಮ ಗೋಡೆಯ ಮೈನ್ ಸ್ವಿಚ್ಚನ್ನು ದಡಕ್ಕನೆ ಇಳಿಸಿ ತೋರಿಸಿದಳು. ಪಂಪ್‌ಸೆಟ್ ಮನೆಯಲ್ಲಿ ಅಪ್ಪ ಕಲಿಸಿದ ಶಿಸ್ತು ಅದು.

"ಅಯ್ಯೋ, ಶಟ್‌ಡೌನ್ ಕೊಟ್ರೆ ತಾನೇ ಅದು ವಾಲ್ಯೂಮ್ ಬರ್ದಿಟ್ಕಂಡು ಆಫಾಗೋದು!"

ಅಂದು ಸಂಜೆ ಅವಳು ಶಟ್‌ಡೌನ್ ಕೊಟ್ಟು, ಪರದೆ ಕಪ್ಪಾಗುವವರೆಗೆ ಕಾದು, ಆಮೇಲೆ ಮೈನ್ ಇಳಿಸಿದಳು.

ಬೆಳಿಗ್ಗೆ ಹಾಡು ಹಾಕಿದ್ದೇ ತಡ, ಮೈಕು ಊರೆಲ್ಲ ಮೊಳಗಿತು. ಗುರುಸಿದ್ದಮ್ಮನಿಗೆ ಹೋದ ಜೀವ ಬಂದಂತಾಯಿತು. ಕ್ಯಾನು ಹಿಡಿದು ಮೊದಲು ಬಂದ ಬಸವಯ್ಯ, "ಏನಾಗಿತ್ತವ್ವಾ ಅದ್ಕೆ?" ಎಂದ.

"ಅದ್ಕೇನಾಗಿತ್ತಣ್ಣಾ? ದಿನಾ ಸಂಜೆ ಕತ್ತು ಹಿಸುಕ್ಬುಟ್ಟು, ಬೆಳಿಗ್ಗೆ ಹಾಡು ಹಾಡು ಅಂತಿದ್ದೋಳು ನಾನೇ."