ಇಶಾಡ ಹಣ್ಣು ಹೊತ್ತು ಕತರಗಾಮಕ್ಕೆ

ಕಾರವಾರದ ಶಿರವಾಡ ನಿಲ್ದಾಣದಲ್ಲಿ ತಿರುವನಂತಪುರದ ಗಾಡಿ ಹತ್ತುವಾಗ ನಮ್ಮ ತಂಡದಲ್ಲಿ ಹನ್ನೆರಡು ಜನರಿದ್ದೆವು. ಜೊತೆಗೆ ಐದು ಇಶಾಡ ಮಾವಿನಹಣ್ಣುಗಳಿದ್ದವು. ಅವು ನನ್ನ ಅವ್ವಿಯ, ಅಂದರೆ ತಾಯಿಯ, ಬಟ್ಟೆ ಚೀಲದಲ್ಲಿದ್ದವು. ಅಡಿಗೆ ಭತ್ತದ ಹುಲ್ಲು ಹಾಸಿ, ಒಂದಕ್ಕೊಂದು ತಾಗದ ಹಾಗೆ ಹಳೆ ಸೀರೆಯ ತುಂಡು ಸುತ್ತಿ ಇಟ್ಟಿದ್ದಳು. ಕೊಯ್ಯುವಾಗಲೇ ಅವಳು ಅಂದಾಜು ಮಾಡಿದ್ದಳು: ಹೊರಡುವ ದಿನ ದೋರಗಾಯಿ, ಶ್ರೀಲಂಕೆಯ ಕತರಗಾಮ ಮುಟ್ಟುವ ದಿನ ಪಕ್ವ ಹಣ್ಣು.

ಶ್ರೀಲಂಕೆಯಲ್ಲಿ ಕದನವಿರಾಮವಾಗಿ ಎರಡು ವರ್ಷ ಕಳೆದಿತ್ತು. ಕಾರವಾರದ ಒಬ್ಬ ಏಜೆಂಟರು ಆ ಮೇ ತಿಂಗಳಲ್ಲಿ ಒಂದು ವಾರದ ಪ್ರವಾಸ ಗೊತ್ತು ಮಾಡಿದ್ದರು. ಹಳೆಯ ರಾಜಧಾನಿಗಳು, ದೇವಸ್ಥಾನಗಳು, ಕಾಡುಪ್ರಾಣಿಗಳು, ಎಲ್ಲ ಕಡೆಗೂ ಅಲ್ಲಿಯದೇ ಗೈಡು. ನಾನು ಹೈಸ್ಕೂಲ್ ಶಿಕ್ಷಕಿ. ಶೆಟಗೇರಿಯ ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನೆಟ್ಟಿಯ ದಿನಗಳಲ್ಲಿ ಬೆಳಗಾಗುವ ಮೊದಲು ಸಸಿ ಕಿತ್ತು, ಕೈಯ ಕೆಸರು ತೊಳೆದು ಅಂಕೋಲೆಯ ಬಸ್ಸು ಹಿಡಿದವಳು ನಾನು. ನನ್ನ ಸಂಬಳದಲ್ಲಿ ಅವ್ವಿಯನ್ನು ವಿಮಾನದಲ್ಲಿ ಕೂರಿಸಬೇಕೆಂಬುದು ಬಹಳ ದಿನದ ಆಸೆಯಾಗಿತ್ತು. ಗಂಡನಿಗೆ ರಜೆ ಸಿಗಲಿಲ್ಲ. ಅಪ್ಪ "ನಾ ನೆಲದ ಮನುಷ್ಯ, ನೀವು ಹಾರಿ" ಎಂದು ಕೊಟ್ಟಿಗೆಗೆ ಹೋದರು.

ಅವ್ವಿ ಒಪ್ಪಿದ್ದು ಮಾತ್ರ ವಿಮಾನಕ್ಕಾಗಿ ಅಲ್ಲ. ನನ್ನ ಮದುವೆಯಾಗಿ ಆರು ವರ್ಷವಾಗಿತ್ತು. ಎರಡು ಸಲ ಬಸುರಾಗಿ ಎರಡೂ ಸಲ ಕಳೆದುಕೊಂಡಿದ್ದೆ. ಮನೆಯ ಹಿಂದಿನ ಇಶಾಡ ಮರದ ಮೊದಲ ಹಣ್ಣು ಸುಬ್ರಹ್ಮಣ್ಯನಿಗೆ ಮೀಸಲು, ಅವನಿಗೆ ಒಪ್ಪಿಸುವ ತನಕ ಮನೆಯಲ್ಲಿ ಯಾರೂ ಹಣ್ಣು ಮುಟ್ಟಬಾರದು ಎಂದು ಅವ್ವಿ ಹರಕೆ ಹೊತ್ತಿದ್ದಳು. ಪ್ರವಾಸದ ಊರುಗಳಲ್ಲಿ ಕತರಗಾಮವೆಂಬುದು ಸುಬ್ರಹ್ಮಣ್ಯನ ದೊಡ್ಡ ಸ್ಥಳ ಎಂದು ನಾನು ಓದಿ ಹೇಳಿದೆ. ಅವಳು ತಕ್ಷಣ ಎದ್ದು ನಿಂತಳು.

"ನಾಲ್ಕು ವರ್ಷ ನಾಗಬನದ ಕಲ್ಲಿನ ಎದುರು ಇಟ್ಟೆ. ಅವ ಕೇಳ್ದಾಂಗೆ ಕಾಣ್ಲಿಲ್ಲ. ಈಗ ಅವನ ಮನೆ ಬಾಗ್ಲಿಗೇ ಹೋತೆ, ಕೈಯಲ್ಲೇ ಕೊಡ್ತೆ."

ನನಗೆ ಹರಕೆಯಲ್ಲಿ ಅಂಥ ನಂಬಿಕೆಯಿಲ್ಲ. ಆದರೂ ಇಬ್ಬರ ಹೆಸರನ್ನೂ ಏಜೆಂಟರಿಗೆ ಕೊಟ್ಟೆ.

ತಿರುವನಂತಪುರದಿಂದ ಕೊಲಂಬೊಗೆ ವಿಮಾನದಲ್ಲಿ ಒಂದು ತಾಸೂ ಹಿಡಿಯಲಿಲ್ಲ. ಆ ಹೊತ್ತಿನಲ್ಲಿ ನಾನು ಕುರ್ಚಿಯ ಕೈ ಬಿಡಲಿಲ್ಲ. ಕೆಳಗೆ ಬರೀ ನೀರು. ಅವ್ವಿ ಮಾತ್ರ ಕಿಟಕಿಗೆ ಹಣೆ ಹಚ್ಚಿ, "ದೋಣಿ ಕಾಣ್ತದ್ಯೇನೆ ತಂಗಿ?" ಎಂದು ಕೇಳುತ್ತಿದ್ದಳು. ನನ್ನನ್ನು ಅವಳು ಕರೆಯುವುದೇ ತಂಗಿ ಎಂದು. ನಿಲ್ದಾಣದಲ್ಲಿಳಿದಾಗ ನನ್ನ ಹೆದರಿಕೆ ಬೇರೆಯಾಯಿತು. ಹೊರದೇಶದ ಹಣ್ಣು ಒಳಗೆ ಬಿಡುವುದಿಲ್ಲವೆಂದು ಎಲ್ಲೋ ಓದಿದ್ದೆ. ಅಧಿಕಾರಿ ನಮ್ಮ ಪಾಸ್‌ಪೋರ್ಟ್ ನೋಡಿದರು, ಅವ್ವಿಯ ಮುಖ ನೋಡಿದರು, ಕೈಬೀಸಿ ಬಿಟ್ಟರು. ನನ್ನ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು.

ಹೊರಗೆ ನಮ್ಮ ಗೈಡು ಸುನಿಲ್ ಕಾಯುತ್ತಿದ್ದರು. ಐವತ್ತರ ಆಸುಪಾಸು, ಬಿಳಿ ಅಂಗಿ, ಮೆಲು ದನಿ. ಅವರದು ಇಂಗ್ಲಿಷು, ನಮ್ಮಲ್ಲಿ ಅರ್ಧ ಜನರಿಗೆ ಅದು ಬಾರದು. ಹೀಗಾಗಿ ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದಾಯಿತು. ಹೆಮ್ಮೆಯಿಂದಲೇ ಮಾಡಿದೆ.

ರಸ್ತೆಯ ಬದಿಗೆ ಅಲ್ಲಲ್ಲಿ ಮರಳಿನ ಚೀಲ, ಅದರ ಹಿಂದೆ ಬಂದೂಕು ಹಿಡಿದ ಹುಡುಗರು. ಕಾರವಾರದ ನೌಕಾನೆಲೆಯ ಗೇಟಿನಲ್ಲಿ ಬಂದೂಕು ನೋಡಿದ ಕಣ್ಣೇ ನಮ್ಮದು; ಆದರೆ ಇಲ್ಲಿ ಸೈನಿಕನ ಬೆರಳು ಟ್ರಿಗರಿನ ಮೇಲೇ ಇತ್ತು. ಹಬ್ಬುವಾಡದ ಪಾಂಡುಮಾಮ, ಬ್ಯಾಂಕಿನಿಂದ ನಿವೃತ್ತರಾದವರು, ಹಿಂದಿನ ಸೀಟಿನಿಂದ ಬಾಗಿ ಹೇಳಿದರು: "ಅಕ್ಕೋರೇ, ಆನೆ ಕಾಣೂಕೆ ಸಮುದ್ರ ದಾಟೂದು ಎಂತಕ್ಕೆ? ದಾಂಡೇಲಿಗೆ ಹೋಗಿದ್ರೆ ಸಂಜೆಗೆ ಮನೇಲಿ ಮೀನೂಟ ಆತಿತ್ತು."

"ನೀವು ಮೀನಿಗೇ ಹುಟ್ಟಿದವರು," ಎಂದಳು ಅವ್ವಿ.

ಮರುದಿನ ಸಿಗಿರಿಯಾ. ಬಯಲಿನ ನಡುವೆ ಒಂದೇ ಬಂಡೆ ಆಕಾಶಕ್ಕೆ ಎದ್ದು ನಿಂತಿದೆ. ಅದರ ನೆತ್ತಿಯ ಮೇಲೆ ಒಬ್ಬ ಅರಸ ಅರಮನೆ ಕಟ್ಟಿಸಿದ್ದ. ತಂದೆಯನ್ನು ಕೊಂದು ಪಟ್ಟಕ್ಕೆ ಬಂದವನಂತೆ, ತಮ್ಮನು ಸೇನೆ ತರುತ್ತಾನೆಂಬ ಭಯದಿಂದ ಮೇಲೆ ಹೋಗಿ ಕುಳಿತನಂತೆ. ಬಂಡೆಯ ನಡುಮಟ್ಟದಲ್ಲಿ ಸಿಂಹದ ಎರಡು ದೊಡ್ಡ ಪಂಜಗಳಿವೆ. ಅಲ್ಲಿಂದ ಮುಂದೆ ಬಂಡೆಗೆ ತೂಗುಹಾಕಿದ ಕಬ್ಬಿಣದ ಮೆಟ್ಟಿಲು. ಕಾಲಡಿ ನೋಡಿದರೆ ಮರಗಳ ತಲೆ ಕಾಣುತ್ತದೆ. ಸಾಲದ್ದಕ್ಕೆ ಬಂಡೆಯ ಸಂದಿಯಲ್ಲಿ ಕಣಜದ ಗೂಡುಗಳು. ಗದ್ದಲ ಮಾಡಬಾರದೆಂದು ಫಲಕ ಹಾಕಿದ್ದಾರೆ. ಅರ್ಧ ಹತ್ತಿದ ಮೇಲೆ ಕಂಬಿ ಹಿಡಿದು ನಿಂತೆ. ಹಿಂತಿರುಗಲು ಹಿಂದೆ ಜನ. ಕೆಳಗೆ ಸಿಂಹದ ಪಂಜದ ಹತ್ತಿರ ಅವ್ವಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆರಳಲ್ಲಿ ಕುಳಿತಿದ್ದಳು. ಅವಳನ್ನು ನೋಡುತ್ತ ನೋಡುತ್ತ ಮೇಲೆ ಹೋದೆ, ಇಳಿಯುವಾಗಲೂ ಅವಳನ್ನೇ ನೋಡಿದೆ. ಅರಮನೆಯ ಅಡಿಪಾಯ, ಕೆರೆ, ಗಾಳಿ ಇಷ್ಟೇ ನೆನಪಿದೆ.

ಕ್ಯಾಂಡಿಯಲ್ಲಿ ಬುದ್ಧನ ದಂತದ ದೇವಾಲಯಕ್ಕೆ ಮೂರು ಕಡೆ ತಪಾಸಣೆ. ಹಿಂದೊಮ್ಮೆ ಇಲ್ಲಿಯೇ ಬಾಂಬು ಸಿಡಿದಿತ್ತೆಂದು ಸುನಿಲ್ ಪಿಸುದನಿಯಲ್ಲಿ ಹೇಳಿದರು. ಅದನ್ನು ನಾನು ಕನ್ನಡಕ್ಕೆ ತರಲಿಲ್ಲ. ಒಬ್ಬ ಕಾವಲಿನ ಹೆಂಗಸು ಅವ್ವಿಯ ಚೀಲಕ್ಕೆ ಕೈಹಾಕಲು ಹೋದಾಗ ಅವ್ವಿ, "ಮುಟ್ಟಬ್ಯಾಡ, ದೇವರದು!" ಎಂದು ಗದರಿದಳು. ಆ ಹೆಂಗಸಿಗೆ ಏನು ತಿಳಿಯಿತೋ, ಚೀಲದ ಬಾಯಿಗೆ ಮೂಗು ತಂದು ನಕ್ಕಳು. ಹಣ್ಣು ಬಣ್ಣ ತಿರುಗಿ ಪರಿಮಳ ಬಿಡಲು ಶುರುವಾಗಿತ್ತು.

ಊಟ ನಮ್ಮ ಬಾಯಿಗೆ ಒಗ್ಗಿತು. ಕೆಂಪಕ್ಕಿ ಅನ್ನ, ಕಾಯಿತುರಿಯ ಖಾರದ ಚಟ್ನಿ, ಶಾವಿಗೆ. ಮೀನಿನ ಪದಾರ್ಥ ಕರ್ರಗೆ ಹುಳಿಯಾಗಿತ್ತು. ಅವ್ವಿ ಹಣ್ಣು ಒಪ್ಪಿಸುವ ತನಕ ಮೀನು ತಿನ್ನುವುದಿಲ್ಲವೆಂದು ಕುಳಿತಿದ್ದಳು. ಪಾಂಡುಮಾಮನ ತಟ್ಟೆಯ ಘಮಕ್ಕೇ, "ಇದು ಉಪ್ಪಾಗೆ ಹಾಕಿದ್ದು" ಎಂದಳು. ಹೋಟೆಲಿನವನು ತಂದು ತೋರಿಸಿದ ಒಣ ಹುಳಿ ನಮ್ಮ ಉಪ್ಪಾಗೆಯೇ.

ಗುಡ್ಡ ಇಳಿದು ದಕ್ಷಿಣಕ್ಕೆ ಬಂದಂತೆ ಮಳೆ ಹಿಂದೆ ಉಳಿಯಿತು. ಒಣ ಮುಳ್ಳುಕಂಟಿ, ಕೆಂಪು ಧೂಳು, ಕೆರೆಗಳಲ್ಲಿ ಮೈಬಿಟ್ಟು ಮಲಗಿದ ಮೊಸಳೆಗಳು. ತಿಸ್ಸಮಹಾರಾಮ ಎಂಬ ಊರಲ್ಲಿ ಉಳಿದೆವು. ಮರುದಿನ ಮಧ್ಯಾಹ್ನ ಯಾಲದ ಕಾಡಿಗೆ ಹೋಗಿ, ಅಲ್ಲಿಂದ ನೇರವಾಗಿ ಕತರಗಾಮದ ಸಂಜೆಯ ಪೂಜೆಗೆ ಹೋಗುವುದೆಂದು ಗೊತ್ತಾಗಿತ್ತು.

ಜೀಪು ಹತ್ತುವ ಮೊದಲು ಸುನಿಲ್ ನಮ್ಮನ್ನು ನಿಲ್ಲಿಸಿ ಹೇಳಿದರು. ನಾನು ಅದನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ: "ತಿಂಡಿ, ಹಣ್ಣು ಏನೂ ತರಬಾರದು. ಆನೆಗೆ ವಾಸನೆ ಬಡಿತದೆ. ಎಲ್ಲ ಬಸ್ಸಿನಲ್ಲಿ ಇಟ್ಟು ಬನ್ನಿ." ಅವ್ವಿಗೆ ಬೇರೆಯಾಗಿಯೂ ಹೇಳಿದೆ. ಅವಳು ಬಸ್ಸಿನ ಕಡೆ ಹೋದಳು, ಬಂದಳು. ಅವಳ ಮೈಮೇಲೆ ಶಾಲಿತ್ತು. ಅಂಥ ಸೆಕೆಯಲ್ಲಿ ಶಾಲೇಕೆ ಎಂದು ನಾನು ಕೇಳಲಿಲ್ಲ. ಆಮೇಲೆ ತಿಳಿಯಿತು: ಬಸ್ಸಿನಲ್ಲಿ ಚಾಲಕ ಮಾಂಸದೂಟ ಬಿಚ್ಚಿ ಕುಳಿತಿದ್ದ. ಮೀಸಲು ಹಣ್ಣನ್ನು ಅಲ್ಲಿ ಇಡುವುದು ಹೇಗೆ? ಅವಳ ಮನಸ್ಸಿನಲ್ಲಿ ಅದು ನಮ್ಮ ಹಣ್ಣೇ ಅಲ್ಲ. ಒಪ್ಪಿಸುವ ತನಕ ಅವಳ ಕೈಯಿಂದ ಕೆಳಗಿಳಿಯಬಾರದ್ದು.

ನಮ್ಮ ಜೀಪಿನಲ್ಲಿ ಚಾಲಕ, ಸುನಿಲ್, ಪಾಂಡುಮಾಮ, ಅವ್ವಿ ಮತ್ತು ನಾನು. ಬದಿಗಳು ತೆರೆದೇ ಇದ್ದವು, ಎರಡು ಕಬ್ಬಿಣದ ಸರಳು ಮಾತ್ರ. ನವಿಲು, ಕಡವೆ, ಕೆಸರಲ್ಲಿ ಹೊರಳುವ ಎಮ್ಮೆ ನೋಡಿದೆವು. ಮರದ ಮೇಲೆ ಚಿರತೆಯ ಬಾಲ ಕಂಡಿತೆಂದು ಪಾಂಡುಮಾಮ ಆಣೆಯಿಟ್ಟರು. ಹಿಂದಿರುಗುವಾಗ ಒಂದು ತಿರುವಿನಲ್ಲಿ ಆನೆ ನಿಂತಿತ್ತು.

ಒಂಟಿ ಗಂಡಾನೆ. ಕೋರೆಯಿಲ್ಲ. ಅದು ರಸ್ತೆಯ ನಡುವೆ ಯಾರನ್ನೋ ಕಾಯುವ ಹಾಗೆ ನಿಂತಿತ್ತು. ಚಾಲಕ ಹಿಂದಕ್ಕೆ ತೆಗೆಯಲು ನೋಡಿದ. ಹಿಂದೆ ಇನ್ನೊಂದು ಜೀಪು ಬಂದು ನಿಂತಿತ್ತು. ಆನೆ ಸೊಂಡಿಲೆತ್ತಿ ಗಾಳಿಯನ್ನು ಮೂಸಿತು. ಆಮೇಲೆ ಸದ್ದಿಲ್ಲದೆ ನಮ್ಮ ಕಡೆ ನಡೆದು ಬಂತು. ಅಷ್ಟು ದೊಡ್ಡ ಜೀವ ನಡೆಯುವಾಗ ಒಂದು ಎಲೆಯೂ ಸದ್ದು ಮಾಡಲಿಲ್ಲ. ನನಗೆ ಮೊದಲು ಹೆದರಿಕೆಯಾದದ್ದು ಅದಕ್ಕೇ.

"ಹಣ್ಣು ಯಾರ ಹತ್ತಿರ ಇದೆ?" ಸುನಿಲ್ ಇಂಗ್ಲಿಷಿನಲ್ಲಿ ಕೇಳಿದರು. ಅವರ ತುಟಿ ಬಿಳಿಚಿಕೊಂಡಿತ್ತು. ನಾನು ಕನ್ನಡದಲ್ಲಿ ಕೇಳುವ ಮೊದಲೇ ಅವ್ವಿಯ ಮುಖ ಕಂಡಿತು.

ಸೊಂಡಿಲು ಸರಳುಗಳ ನಡುವೆ ಒಳಗೆ ಬಂತು. ತುದಿ ಒದ್ದೆಯಾಗಿತ್ತು. ಪಾಂಡುಮಾಮನ ಮೊಣಕಾಲು ಮುಟ್ಟಿತು, ನನ್ನ ಮಡಿಲು ಮುಟ್ಟಿತು, ಅವ್ವಿಯ ಶಾಲನ್ನು ಸರಿಸಿತು. ಚೀಲ ಕಂಡಿತು. ಪಾಂಡುಮಾಮನಿಗೆ ಕನ್ನಡ ಮರೆತುಹೋಗಿ, "ದೇವಾ, ದೇವಾ, ಮಾಕಾ ರಾಕ್" ಎಂದು ಕೊಂಕಣಿಯಲ್ಲಿ ತಮ್ಮನ್ನು ಕಾಯಲು ದೇವರನ್ನು ಕೂಗುತ್ತಿದ್ದರು.

"ಬಿಡು ಅವ್ವಿ!"

"ಬಿಡೂದಿಲ್ಲ. ಇದು ಅವಂದು."

"ಅವ್ವಿ, ಬಿಡೇ!"

"ನಿನ್ನ ಸಲುವಾಗಿ ತಂದದ್ದೇ ಇದು!"

ಚೀಲದ ಹಿಡಿಕೆಯನ್ನು ಅವಳು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಆನೆ ಎಳೆಯಿತು. ಅವ್ವಿ ಸೀಟಿನಿಂದೆದ್ದು ಸರಳಿಗೆ ಹೋಗಿ ಬಡಿದಳು. ಭುಜದ ತನಕ ಕೈ ಹೊರಗೆ ಹೋಯಿತು. ನಾನು ಒಂದು ಕೈಯಲ್ಲಿ ಅವಳ ಸೊಂಟ ಹಿಡಿದೆ, ಇನ್ನೊಂದರಲ್ಲಿ ಅವಳ ಬೆರಳು ಒಂದೊಂದಾಗಿ ಬಿಡಿಸಿದೆ. ಅವಳು ಮತ್ತೆ ಮುಚ್ಚಿದಳು. ನಾನು ಅವಳ ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿದೆ. ಅವಳು ಕೂಗಿದಳು. ಹಿಡಿಕೆಯ ಸುತ್ತು ಬಿಚ್ಚಿಕೊಂಡಿತು.

ಆನೆ ಚೀಲವನ್ನು ನೆಲಕ್ಕೆ ಹಾಕಿ ಮೆಟ್ಟಿತು. ಹುಲ್ಲು, ಸೀರೆಯ ತುಂಡು, ಹಣ್ಣು ಎಲ್ಲವನ್ನೂ ಸೇರಿಸಿ ಬಾಯಿಗಿಟ್ಟಿತು. ಚಾಲಕ ಅಷ್ಟರಲ್ಲಿ ಪಕ್ಕದ ಕಂಟಿಯ ಮೇಲೆಯೇ ಜೀಪು ಹಾರಿಸಿದ.

ಕಾಡಿನ ಗೇಟಿನ ಹತ್ತಿರ ಜೀಪು ನಿಂತಿತು. ಅವ್ವಿಯ ಮುಂಗೈ ಸುತ್ತ ಕೆಂಪಗೆ ಚರ್ಮ ಸುಲಿದಿತ್ತು. ಸುನಿಲ್ ಔಷಧಿ ಹಚ್ಚಿ ಬಟ್ಟೆ ಕಟ್ಟಿದರು. ಬೈಯಲಿಲ್ಲ. ಸಮಾಧಾನ ಮಾಡಲೆಂದು ಹೇಳಿದರು: ಗಣಪತಿ ಸುಬ್ರಹ್ಮಣ್ಯನ ಅಣ್ಣ, ತಮ್ಮನ ಪಾಲನ್ನು ಅಣ್ಣ ತೆಗೆದುಕೊಂಡ ಎಂದು ತಿಳಿಯಿರಿ. ನಾನು ಕನ್ನಡದಲ್ಲಿ ಹೇಳಿದೆ. ಅವ್ವಿ ತಲೆಯೆತ್ತಿದಳು.

"ಅವರಿಗೆ ಹೇಳು ತಂಗಿ. ಅದು ಗಣಪತಿ ಆಗಿದ್ರೆ ನನ್ನ ಕೈ ಎಂತಕ್ಕೆ ಎಳೀತಿತ್ತು? ಆನೆ ಅಂದ್ರೆ ಆನೆ."

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಸುನಿಲ್ ಕೈಮುಗಿದರು.

ಕತರಗಾಮದ ದಾರಿಯುದ್ದಕ್ಕೂ ಅವಳು ನಡುಗುತ್ತಿದ್ದಳು. ವಿಮಾನಕ್ಕೆ, ಬಂದೂಕಿಗೆ, ಕೊನೆಗೆ ಆನೆಗೂ ಹೆದರದ ಹೆಂಗಸು ಈಗ ಹಲ್ಲು ಕಚ್ಚಿಕೊಂಡು ನಡುಗುತ್ತಿದ್ದಳು. "ಆನೆ ಹೋಯ್ತಲ್ಲ ಅವ್ವಿ," ಎಂದೆ.

"ಆನೆ ಹೆದ್ರಿಕೆ ಅಲ್ಲ ತಂಗಿ. ಕೊಡ್ತೆ ಹೇಳಿ ಕೊಡ್ಲಿಲ್ಲ. ಅವ ಸಿಟ್ಟು ಮಾಡಿ ನಿನ್ನ ಮೇಲೆ ತೀರಿಸ್ಕಂಡ್ರೆ?"

ನಾನು ಓದಿದವಳು. ಹಾಗೇನೂ ಆಗುವುದಿಲ್ಲ ಎಂದು ಹೇಳಬೇಕಿತ್ತು. ಅವಳ ಶಾಲನ್ನು ಭುಜಕ್ಕೆ ಎಳೆದು ಹೊದೆಸಿದೆ, ಅಷ್ಟೇ.

ಮಾಣಿಕ ಗಂಗೆ ಎಂಬ ಹೊಳೆಯಲ್ಲಿ ಜನ ಮಿಂದು ಬಿಳಿ ಬಟ್ಟೆಯಲ್ಲಿ ಸಾಲುಗಟ್ಟಿದ್ದರು. ಎಲ್ಲರ ತಲೆಯ ಮೇಲೂ ಹಣ್ಣಿನ ತಟ್ಟೆ. ಹೊರಗೆ ಅಂಗಡಿಗಳಲ್ಲಿ ತಟ್ಟೆಗಳು ಸಾಲಾಗಿ ಮಾರಾಟಕ್ಕಿದ್ದವು; ಒಂದನ್ನು ಕೊಳ್ಳೋಣವೆಂದೆ. "ಪೇಟೆ ಹಣ್ಣು ಕೊಡ್ತೆ ಹೇಳಿದ್ನೇನು ನಾನು?" ಎಂದಳು ಅವ್ವಿ. ಗುಡಿ ನಮ್ಮೂರಿನ ಸಣ್ಣ ಗುಡಿಯಷ್ಟೇ. ಒಳಗೆ ಮೂರ್ತಿ ಕಾಣುವುದಿಲ್ಲ; ನವಿಲಿನ ಮೇಲೆ ಕುಳಿತ ದೇವರನ್ನು ಬರೆದ ಪರದೆ ಮಾತ್ರ. ಗಂಟೆ, ಡೋಲು ಒಟ್ಟಿಗೆ ಬಡಿದವು. ತಟ್ಟೆಗಳು ಒಂದೊಂದಾಗಿ ಪರದೆಯ ಕಡೆ ಹೋದವು. ನಮ್ಮ ಸರದಿ ಬಂದಾಗ ಪೂಜಾರಿ ಕೈಚಾಚಿದರು. ಅವ್ವಿ ಬಟ್ಟೆ ಕಟ್ಟಿದ ಬರಿಗೈ ಮುಂದೆ ಮಾಡಿದಳು. ಸಾಲು ನಿಂತಿತು. ಅವಳು ಪರದೆಯ ಕಡೆ ನೋಡಿ, ಪಕ್ಕದ ಗದ್ದೆಯವನನ್ನು ಕೂಗುವ ದನಿಯಲ್ಲಿ ಹೇಳಿದಳು:

"ಐದು ಹಣ್ಣು ತಂದಿದ್ದೆ. ಕಾಡಿಗೆ ಒಯ್ದದ್ದು ನಾನು. ಬ್ಯಾಡ ಅಂದ್ರೂ ಒಯ್ದೆ. ಕೈ ಬಿಡಿಸಿದ್ದು ಇವಳು, ನನ್ನ ಜೀವ ಉಳಿಸೂಕೆ. ಇವಳ ಲೆಕ್ಕಕ್ಕೆ ಬರೀಬ್ಯಾಡ. ಶಿಕ್ಷೆ ಇದ್ರೆ ನನಗೆ ಕೊಡು. ತಿಳೀತಾ?"

ಪೂಜಾರಿಗೆ ಒಂದಕ್ಷರವೂ ತಿಳಿದಿರಲಿಕ್ಕಿಲ್ಲ. ಅವರು ಅವಳ ಹಣೆಗೆ ವಿಭೂತಿ ಹಚ್ಚಿದರು, ನನಗೂ ಹಚ್ಚಿದರು. ಆನೆಯ ಸೊಂಡಿಲು ಮಡಿಲು ಮುಟ್ಟಿದಾಗ ಆಗಿದ್ದಕ್ಕಿಂತ ಹೆಚ್ಚಿನ ಭಯ ನನಗೆ ಆ ಪರದೆಯ ಮುಂದೆ ಆಯಿತು. ಅವನು ಕೇಳಿಸಿಕೊಂಡರೆ, ಅವ್ವಿ ಹೇಳಿದಂತೆಯೇ ಅವಳಿಗೇ ಶಿಕ್ಷೆ ಕೊಟ್ಟರೆ ಎಂದು.

ಮುಂದಿನ ಎರಡು ದಿನ ಕಡಲ ದಂಡೆಯಲ್ಲಿ ಬಂದೆವು. ಗಾಲೆಯ ಕೋಟೆ ಚೆಂದವಿತ್ತು, ಮಳೆ ಹಿಡಿದಿತ್ತು. ಅವ್ವಿ ಮೀನು ತಿನ್ನಲಿಲ್ಲ. ಪಾಂಡುಮಾಮ ಒಂದೂ ತಮಾಷೆ ಮಾಡಲಿಲ್ಲ. ವಿಮಾನ, ರೈಲು, ಮತ್ತೆ ಶಿರವಾಡ. ಅಲ್ಲಿಂದ ಬಸ್ಸು ಹಿಡಿದು ಅಂಕೋಲೆಗೆ ಇಳಿದಾಗ ಮಧ್ಯಾಹ್ನ.

ಬಸ್ ನಿಲ್ದಾಣದ ಹೊರಗೆ ಹೆಂಗಸರು ಬುಟ್ಟಿ ಇಟ್ಟು ಸಾಲಾಗಿ ಕುಳಿತಿದ್ದರು. ಇಶಾಡದ ಸುಗ್ಗಿ. ಒಬ್ಬಳು, "ಬಾರೇ ಅಕ್ಕ, ಡಜನ್ನು ತಕಂಡು ಹೋಗು" ಎಂದು ಕರೆದಳು. ಅವ್ವಿ ಬುಟ್ಟಿಯ ಕಡೆ ನೋಡದೆ, "ಈ ವರ್ಷ ನಾ ಮುಟ್ಟೂದಿಲ್ಲ" ಎಂದು ನಡೆದಳು. ಗಾಳಿ ಬೀಸಿ ಆ ಪರಿಮಳ ನನ್ನ ಮೂಗಿಗೆ ಬಡಿಯಿತು. ಕಾಲುಗಳು ಅಲ್ಲೇ ನಿಂತವು. ನಾನು ಓಡಿ ಅವಳ ಕೈ ಹಿಡಿದುಕೊಂಡೆ, ಸುಲಿದ ಗಾಯದ ಮೇಲೆಯೇ.

"ಇಲ್ಲಿ ಆನೆ ಇಲ್ಲ ಹುಚ್ಚಿ," ಎಂದಳು.

ನೋಯುತ್ತಿರಬೇಕು. ಆದರೆ ಶೆಟಗೇರಿಯ ಟೆಂಪೊ ಬರುವ ತನಕ ಅವಳು ಕೈ ಬಿಡಿಸಿಕೊಳ್ಳಲಿಲ್ಲ.