ಯಾದಿಯಿಂದ ಬಿಟ್ಟುಹೋದ ಮೊದಲ ಸಾಲು

ಆ ದಿನಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ ಎಂದು ಶುರುಮಾಡುತ್ತಾರೆ. ನನಗೆ ಆ ಧೈರ್ಯವಿಲ್ಲ. ಆಗ ನನಗೆ ಹದಿಮೂರು ವರ್ಷ, ಅಥವಾ ಹನ್ನೆರಡು. ಸೋಲಾಪುರದ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಇದ್ದ ಮನೆ ಎರಡೋ ಮೂರೋ. ದಿನಕ್ಕೆ ಕೆಲವು ತಾಸು ಕರೆಂಟ್ ಇರುತ್ತಿರಲಿಲ್ಲ. ಪವರ್‌ಲೂಮುಗಳು ನಿಂತಾಗ ಓಣಿ ಎಷ್ಟು ಸುಮ್ಮನಾಗುತ್ತಿತ್ತೆಂದರೆ ಪಕ್ಕದ ಮನೆಯ ಒಗ್ಗರಣೆಯ ಸದ್ದೂ ಕೇಳುತ್ತಿತ್ತು. ಇಷ್ಟು ನಿಜವೆಂದುಕೊಂಡಿದ್ದೇನೆ. ಆದರೆ ಆ ಮಳೆಗಾಲದಲ್ಲಿ, ಕಂಪ್ಯೂಟರ್ ಅಂಗಡಿಯ ಕೌಂಟರಿನ ಮುಂದೆ, ನಾನು ಸುಳ್ಳು ಹೇಳಿದೆನೋ ಇಲ್ಲವೋ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದು ನೆನಪನ್ನು ಸಾಕ್ಷಿ ಎಂದು ನಂಬಬಾರದು ಎಂದು. ಆ ಪಾಠ ನನಗೆ ಬೇಕಾಗಿಯೇ ಇತ್ತು ಎಂದು ಈಗ ಅನಿಸುತ್ತದೆ.

ಅಪ್ಪ ಚಾದರ, ಟಾವೆಲ್‌ಗಳಿಗೆ ನಕ್ಷೆ ತೆಗೆಯುವವನು. ಗ್ರಾಫ್ ಕಾಗದದ ಸಣ್ಣ ಚೌಕಗಳನ್ನು ಕುಂಚದಿಂದ ಒಂದೊಂದಾಗಿ ತುಂಬಬೇಕು. ನವಿಲಿನ ಕಣ್ಣಿನ ಹತ್ತಿರ ಒಂದು ಚೌಕ ತಪ್ಪಿದರೆ ಆ ಮಗ್ಗದಿಂದ ಇಳಿಯುವ ಅಷ್ಟೂ ಚಾದರಗಳಲ್ಲಿ ನವಿಲಿಗೆ ಮೆಳ್ಳಗಣ್ಣು. ಇಪ್ಪತ್ತು ವರ್ಷ ಹಾಗೆ ಕೂತು ಅವನ ಕಣ್ಣು ಸೋತಿದ್ದವು. ಅತ್ತ ಕಾರಖಾನದಾರರು ನಕ್ಷೆಯನ್ನು ಪೆನ್‌ಡ್ರೈವಿನಲ್ಲಿ ಕೇಳತೊಡಗಿದ್ದರು. ಒಬ್ಬ ಕಾರಖಾನದಾರರ ಆಫೀಸಿನಲ್ಲಿ ಕೂತು ಅಪ್ಪ ನಕ್ಷೆಯ ಪ್ರೋಗ್ರಾಮ್ ಕಲಿತ. ಇನ್ನು ಮನೆಗೊಂದು ಕಂಪ್ಯೂಟರ್ ಬೇಕು, ಇಲ್ಲವಾದರೆ ಈ ಕೆಲಸ ಬಿಡಬೇಕು ಎಂಬಲ್ಲಿಗೆ ಬಂದಿತ್ತು.

ತಯಾರು ಕಂಪ್ಯೂಟರ್ ತುಟ್ಟಿ. ಒಂದೊಂದು ಭಾಗ ಆರಿಸಿ ಕೂಡಿಸಿದರೆ ಅದೇ ದುಡ್ಡಿಗೆ ಒಳ್ಳೆಯದು ಸಿಗುತ್ತದೆ ಎಂದು ನಾನು ಸೈಬರ್ ಕೆಫೆಯಲ್ಲಿ ಕೂತು ಓದಿದ್ದೆ. ಅಪ್ಪ ನಂಬಿದ. ಪ್ರೊಸೆಸರ್, ಮದರ್‌ಬೋರ್ಡ್, ರಾಮ್, ಹಾರ್ಡ್ ಡಿಸ್ಕ್, ಎಲ್ಲವನ್ನೂ ಶಾಲೆಯ ನೋಟ್‌ಬುಕ್ಕಿನಲ್ಲಿ ಯಾದಿ ಮಾಡಿದೆ. ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಎರಡು ಗೆರೆ ಎಳೆದಿದ್ದೆ. ಅಪ್ಪನ ನಕ್ಷೆಗೆ ಅದು ಬೇಕೇ ಬೇಕು ಎಂದು ಹೇಳಿದ್ದೆ. ನಕ್ಷೆಗೆ ಅಷ್ಟು ದೊಡ್ಡ ಕಾರ್ಡ್ ಬೇಕಿರಲಿಲ್ಲ. ಬೇಕಾಗಿದ್ದು ನನ್ನ ಕಾರ್ ರೇಸಿಗೆ.

ಯಾದಿ ತೋರಿಸಲು ಒಂದು ಭಾನುವಾರ ಅಪ್ಪನೂ ನಾನೂ ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೋದೆವು. ಮಲ್ಲು ಮಾಮಾ ಅವ್ವನ ತಮ್ಮ. ಅಲ್ಲಿ ಅವನದು ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ತಡವಳ, ನಾಗಣಸೂರದ ಕಡೆಯ ರೈತರು ಸುಟ್ಟ ಮೋಟಾರುಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದರು. ಅಂಗಡಿಯ ತುಂಬ ಸುಟ್ಟ ವಾರ್ನಿಷಿನ ವಾಸನೆ. ಮಾಮಿ ಕಡಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಟ್ಟರೂ ಆ ವಾಸನೆ ಗಂಟಲಲ್ಲೇ ಇರುತ್ತಿತ್ತು.

ಮಾಮಾ ಯಾದಿಯನ್ನು ಬೆಳಕಿಗೆ ಹಿಡಿದು ಓದಿದ. ಅಪ್ಪನನ್ನು ಅವನು ದಾಜಿ ಎನ್ನುತ್ತಿದ್ದ, ಅಕ್ಕನ ಗಂಡನಿಗೆ ನಮ್ಮ ಕಡೆ ಹಾಗೆಯೇ ಅನ್ನುವುದು.

"ಇಂಜಿನೇರ್ ಸಾಹೇಬ್ರ, ಇದರಾಗ ದಾಜೀದು ಎಷ್ಟು, ನಿಮ್ದು ಎಷ್ಟು?"

ಅಪ್ಪ ನಕ್ಕ. ನನ್ನ ಕಿವಿ ಬಿಸಿಯಾದವು. ಮಾಮಾ ಪೆನ್ನು ತೆಗೆದು ಕೊನೆಯ ಸಾಲಿಗೆ ಬಾಣದ ಗುರುತು ಎಳೆದು ಅದನ್ನು ಎಲ್ಲಕ್ಕಿಂತ ಮೇಲೆ ಒಯ್ದ. ಕೊನೆಯ ಸಾಲಿನಲ್ಲಿದ್ದದ್ದು ಎಸ್‌ಎಂಪಿಎಸ್. ಗೋಡೆಯಿಂದ ಬರುವ ಕರೆಂಟನ್ನು ಹದಮಾಡಿ ಒಳಗಿನ ಭಾಗಗಳಿಗೆಲ್ಲ ಹಂಚುವ ತಗಡಿನ ಡಬ್ಬಿ ಅದು.

"ಮೊದಲ ಇದು," ಎಂದ. "ದಿನಾ ಸುಟ್ಟ ಮೋಟಾರ್ ನೋಡತೀನಿ ನಾ. ಬಹಳ ಸಲ ಮೋಟಾರಿಂದ ತಪ್ಪಿರಂಗಿಲ್ಲ, ಒಳಗ ಬರೋ ಕರೆಂಟಿಂದ ಇರ್ತದ. ಆಟದ ಕಾರ್ಡ್ ಸಣ್ಣದಾದ್ರ ಸಣ್ಣದಾಗ್ಲಿ. ಇದರಾಗ ಮಾತ್ರ ಕಂಜೂಸಿ ಮಾಡಬ್ಯಾಡ."

ಸೋಲಾಪುರದಲ್ಲಿ ತನಗೆ ಪರಿಚಯದ ಅಂಗಡಿಯ ಶೇಟ್ ಒಬ್ಬರಿದ್ದಾರೆ, ಅಲ್ಲಿಗೇ ಹೋಗಿ ಎಂದು ಅವರಿಗೆ ಫೋನೂ ಮಾಡಿದ.

ಮುಂದಿನ ಶನಿವಾರ ಆ ಅಂಗಡಿಗೆ ಹೋದೆವು. ನಾನು ಬಯಸಿದ ಕಾರ್ಡ್ ಅಲ್ಲಿರಲಿಲ್ಲ, ಅದಕ್ಕಿಂತ ಮೇಲಿನದು ಇತ್ತು. ಅದನ್ನು ತೆಗೆದುಕೊಂಡರೆ ಬೇರೆ ಏನನ್ನಾದರೂ ಬಿಡಬೇಕು. ಅಪ್ಪ ಬಾಗಿಲಿನ ಹೊರಗೆ ಯಾರೋ ಕಾರಖಾನದಾರರ ಜೊತೆ ಫೋನಿನಲ್ಲಿದ್ದ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಸಾಕು, ಯಾದಿಯ ಮೊದಲ ಸಾಲು ಬಿಟ್ಟುಬಿಡಿ ಎಂದೆ. ಇಷ್ಟು ಖಚಿತ. ಇದರ ಮುಂದಿನದಕ್ಕೆ ನನ್ನಲ್ಲಿ ಮೂರು ನೆನಪುಗಳಿವೆ. ಒಂದರಲ್ಲಿ ಶೇಟ್, "ಮಲ್ಲಣ್ಣಗ ಕೇಳಿಯೇನು?" ಎನ್ನುತ್ತಾರೆ, ನಾನು "ಹೂಂ ರೀ, ನಡೀತದ ಅಂದಾನ" ಎನ್ನುತ್ತೇನೆ. ಇನ್ನೊಂದರಲ್ಲಿ ಬರೀ ತಲೆ ಆಡಿಸುತ್ತೇನೆ. ಮೂರನೆಯದರಲ್ಲಿ ಅವರು ಏನನ್ನೂ ಕೇಳುವುದೇ ಇಲ್ಲ. ಮೂರೂ ಅಷ್ಟೇ ಸ್ಪಷ್ಟವಾಗಿವೆ. ಮೂರರಲ್ಲೂ ಕೌಂಟರಿನ ಗಾಜಿನ ಮೇಲೆ ನನ್ನ ಬೆರಳಿನ ಬೆವರಿನ ಗುರುತು ಇದೆ.

ಕಂಪ್ಯೂಟರ್ ಮನೆಗೆ ಬಂತು. ಹೊಸ ಥರ್ಮಾಕೋಲಿನ ವಾಸನೆ ಎರಡು ದಿನ ಕೋಣೆಯಲ್ಲಿ ಉಳಿಯಿತು. ಮೂರನೆಯ ದಿನ ಮಧ್ಯಾಹ್ನ ಅಪ್ಪ ಹೊರಗೆ ಹೋದಾಗ ನಾನು ರೇಸ್ ಹಚ್ಚಿದೆ. ಎರಡೋ ಮೂರೋ ತಿರುವು ದಾಟಿರಬೇಕು, ಪರದೆ ಕಪ್ಪಾಯಿತು. ಒಳಗಿನ ಪಂಖ ನಿಂತಿತು. ಕ್ಯಾಬಿನೆಟ್ಟಿನ ಹಿಂದಿನಿಂದ ಮಾಮಾನ ಅಂಗಡಿಯ ವಾಸನೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದೆ, ಶುರುವಾಯಿತು. ಅವತ್ತಿನಿಂದ ನಾನು ಆ ಆಟ ಆಡಲಿಲ್ಲ. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದ್ದೆನೋ ಅದನ್ನು ಮುಟ್ಟಲೂ ಹೆದರಿದೆ.

ಅದಕ್ಕಿಂತ ದೊಡ್ಡ ಹೆದರಿಕೆ ಒಂದು ವಾರದ ಮೇಲೆ ಶುರುವಾಯಿತು. ಒಂದು ಮುಂಜಾನೆ ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆಂದಿತು. ತೆಗೆದು ಮತ್ತೆ ಮುಟ್ಟಿದೆ, ಮತ್ತೆ ಜುಮ್ಮೆಂದಿತು. ಮೋಟಾರ್ ಪರೀಕ್ಷಿಸುವಾಗ ಮಾಮಾ ಅಂಗೈ ತಾಗಿಸುತ್ತಿರಲಿಲ್ಲ, ಕೈಯ ಹಿಂಭಾಗ ತಾಗಿಸುತ್ತಿದ್ದ. ಅಂಗೈಯಾದರೆ ಕರೆಂಟ್ ಹಿಡಿದುಕೊಳ್ಳುತ್ತದಂತೆ. ನಾನೂ ದಿನಾ ಶಾಲೆಗೆ ಹೋಗುವ ಮೊದಲು ಹಾಗೆಯೇ ಮುಟ್ಟಿ ನೋಡತೊಡಗಿದೆ. ಒಂದು ದಿನ ಕಡಿಮೆ, ಒಂದು ದಿನ ಹೆಚ್ಚು. ಅಪ್ಪ ಶಹಾಬಾದಿ ಕಲ್ಲಿನ ನೆಲದ ಮೇಲೆ ಬರಿಗಾಲಿಟ್ಟು ಇಡೀ ದಿನ ಅದರ ಪಕ್ಕ ಕೂಡುತ್ತಿದ್ದ. ತರಗತಿಯಲ್ಲಿ ಕೂತು ನಾನು ಯಾರೋ ಕರೆಯಲು ಬರುವ ಹೆಜ್ಜೆಗೆ ಕಿವಿಗೊಡುತ್ತಿದ್ದೆ. ಶಾಲೆಯ ಸಿಪಾಯಿ ಬಾಗಿಲಿಗೆ ಬಂದರೆ ಕರೆಯುವ ಮೊದಲೇ ಎದ್ದು ನಿಲ್ಲುತ್ತಿದ್ದೆ. ಬಂದದ್ದು ಬೇರೆ ಯಾವುದೋ ಚೀಟಿಗೆ ಎಂದು ತಿಳಿದ ಮೇಲೆ ಕೂಡುತ್ತಿದ್ದೆ.

ಅಪ್ಪನ ಕಾಲಿಗೆ ರಬ್ಬರಿನ ಚಪ್ಪಲಿ ತಂದಿಟ್ಟೆ. ಮನೆಯೊಳಗೆ, ದುಡಿಮೆಯ ಜಾಗದಲ್ಲಿ ಚಪ್ಪಲಿಯೇ ಎಂದು ಅವ್ವ ಹೊರಗೆ ಒಯ್ದಳು. ಮರುದಿನ ಊಟಕ್ಕೆ ಕೂಡುವ ಕಟ್ಟಿಗೆಯ ಮಣೆಯನ್ನು ತಂದು ಅವನ ಪಾದದ ಕೆಳಗೆ ಇಟ್ಟೆ. ಕಲ್ಲು ತಣ್ಣಗಿರುತ್ತದೆ, ಕಾಲು ನೋಯುತ್ತದೆ ಎಂದೆ. ಅದನ್ನು ಅವ್ವ ಓಣಿಗೆಲ್ಲ ಹೇಳಿದಳು. "ಅಪ್ಪನ ಕಾಲಿಗಿ ಮಣಿ ಇಡತಾನ್ರಿ ದಿನಾ, ಯಾರ ಮಗಾ ಇಡತಾನ ಈಗಿನ ಕಾಲದಾಗ?" ಅಕ್ಕಪಕ್ಕದವರು ನನ್ನ ತಲೆ ಸವರಿದರು. ಆಗ ನಿಜ ಹೇಳಿಬಿಡಬಹುದಿತ್ತು. ಹೊಗಳಿಕೆ ಕೇಳಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಖಂಡೇನವಮಿ ಬಂತು. ಅವತ್ತು ದುಡಿಮೆಯ ಸಾಮಾನಿಗೆಲ್ಲ ಪೂಜೆ. ಹಿಂದಿನ ವರ್ಷಗಳಲ್ಲಿ ಅಪ್ಪನ ಕುಂಚ, ಸ್ಕೇಲು, ಬಣ್ಣದ ಬಟ್ಟಲುಗಳಿಗೆ ಅವ್ವ ಚೆಂಡುಹೂ ಏರಿಸುತ್ತಿದ್ದಳು. ಈ ಸಲ ಕಂಪ್ಯೂಟರಿಗೆ. ಒಂದು ಚಾದರದ ನಕ್ಷೆ ಮರುದಿನ ಕೊಡಬೇಕಿತ್ತು. ಹಬ್ಬದ ದಿನವೂ ಅಪ್ಪ ಮೂರು ದಿನದ ಕೆಲಸ ಮುಗಿಸುವ ಅವಸರದಲ್ಲಿದ್ದ. ಅವ್ವ ತಲೆಸ್ನಾನ ಮಾಡಿ, ಒದ್ದೆ ಕಾಲಲ್ಲಿ, ಹಿತ್ತಾಳೆಯ ತಾಟು ಹಿಡಿದು ಬಂದಳು. ತಾಟಿನಲ್ಲಿ ಅರಿಷಿಣ, ಕುಂಕುಮ, ತಂಬಿಗೆಯಲ್ಲಿ ನೀರು. ಕಲ್ಲಿನ ಮೇಲೆ ಅವಳ ಹೆಜ್ಜೆಯ ನೀರು ಕಾಣುತ್ತಿತ್ತು. ಅವಳು ಬೆರಳನ್ನು ತಂಬಿಗೆಯಲ್ಲಿ ಅದ್ದಿದಳು. ನಾನು ಓಡಿ ಹೋಗಿ ಕ್ಯಾಬಿನೆಟ್ಟಿನ ಹಿಂದಿನ ವಾಯರನ್ನು ಕಿತ್ತೆ.

ತಾಟು ಬಿದ್ದು ಕುಂಕುಮ ನೆಲವೆಲ್ಲ ಹರಡಿದ್ದು ನನಗೆ ನೆನಪಿದೆ. ತಾಟು ಬೀಳಲೇ ಇಲ್ಲ ಎನ್ನುತ್ತಾಳೆ ಅವ್ವ.

ಅಪ್ಪ ಹೊಡೆಯಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತ, "ಯಾಕ?" ಎಂದ. ಅವ್ವಗ ಕರೆಂಟ್ ಹೊಡೀತಿತ್ತು ಎಂದೆ. ಅವನು ವಾಯರ್ ಮತ್ತೆ ಹಚ್ಚಿ, ಮಣೆಯಿಂದ ಕಾಲು ಇಳಿಸಿ, ಕ್ಯಾಬಿನೆಟ್ ಮುಟ್ಟಿ ಕೈ ಹಿಂದೆ ಸೆಳೆದುಕೊಂಡ. ಗುಂಡಿ ಒತ್ತಿದರೆ ಒಳಗೆ ಚಟ್ ಎಂದು ಸದ್ದಾಯಿತು, ವಾಸನೆ ಬಂತು, ಶುರುವಾಗಲಿಲ್ಲ. ಶೇಟ್‌ಗೆ ಫೋನ್ ಮಾಡಿದ. ಅಕ್ಕಲಕೋಟದ ಮಲ್ಲಣ್ಣ ಹೇಳಿದ ಹಾಗೆಯೇ ಕೊಟ್ಟಿದ್ದೇನೆ ಎಂದರಂತೆ ಅವರು. ಅಪ್ಪ ಅಲ್ಲೇ ನಿಂತು ಮಾಮಾನಿಗೆ ಫೋನ್ ಹಚ್ಚಿದ. ನನಗೆ ಕೇಳಿಸಿದ್ದು ಅಪ್ಪನ ಮಾತು ಮಾತ್ರ.

"ಆ ಹಲ್ಕಾ ಮಾಲಿಗಿ ನೀನ ಹೂಂ ಅಂದಿದ್ದೇನು?"

ಆ ಕಡೆಯಿಂದ ಏನೋ ಉತ್ತರ. ಚಿಕ್ಕದು.

"ನಿಮ್ಮಕ್ಕನ ಜೀವ ಹೋಗತಿತ್ತಲ್ಲೋ ಮಲ್ಲ್ಯಾ. ಇನ್ನ ನನ್ನ ಮನಿ ಹೊಚ್ಚಲಾ ತುಳೀಬ್ಯಾಡ."

ಫೋನ್ ಇಟ್ಟು ಅಪ್ಪ, "ಒಪ್ಪಿಕೊಂಡ," ಎಂದ. ಅವ್ವ ಹಾಗೆಯೇ ಕೆಳಗೆ ಕೂತಳು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಬಾಯಿ ತೆರೆಯಲು ಒಂದು ಕ್ಷಣ ಇತ್ತು. ಎರಡು ಕ್ಷಣವೂ ಇದ್ದಿರಬಹುದು. ತೆರೆಯಲಿಲ್ಲ. ಮಾಮಾ ಹೇಳದ ಮಾತನ್ನು ಮಾಮಾನೇ ಒಪ್ಪಿಕೊಂಡದ್ದು ಹೇಗೆ ಎಂದು ಹೆದರಿಕೆಯ ನಡುವೆಯೂ ಆಶ್ಚರ್ಯಪಟ್ಟೆ. ಮುಂದೆ ಓದಿ ದೊಡ್ಡವನಾದ ಮೇಲೆ ಆ ಆಶ್ಚರ್ಯವನ್ನೇ ಆಸರೆ ಮಾಡಿಕೊಂಡೆ. ಅವನು ಒಪ್ಪಿಕೊಂಡನೆಂದರೆ ನಿಜವಾಗಿಯೂ ಹೇಳಿರಬೇಕು, ನನ್ನ ಸುಳ್ಳಿನ ನೆನಪೇ ಸುಳ್ಳಿರಬೇಕು.

ಮರುದಿನ ದಸರೆ. ಪ್ರತಿವರ್ಷ ಅವತ್ತು ಮಾಮಾ ಅಕ್ಕಲಕೋಟದಿಂದ ಬಂದು ಅಕ್ಕನ ಕೈಗೆ ಬನ್ನಿ ಕೊಟ್ಟು, ಕಾಲು ಮುಟ್ಟಿ, ಹೋಳಿಗೆ ಉಂಡು ಹೋಗುತ್ತಿದ್ದ. ಅವ್ವ ಎಂದಿನಷ್ಟೇ ಹೋಳಿಗೆ ಮಾಡಿದಳು. ಸಂಜೆಯವರೆಗೆ ಬಾಗಿಲಿನ ಕಡೆ ನೋಡಿದಳು. ಮಾಮಾ ಬರಲಿಲ್ಲ.

ದಸರೆಯ ಮರುದಿನ ಶೇಟ್ ಅಂಗಡಿಯ ಆಳು ಬಂದ. ಒಳ್ಳೆಯ ಎಸ್‌ಎಂಪಿಎಸ್ ತಂದಿದ್ದ, ನನ್ನ ಯಾದಿಯಲ್ಲಿ ಇದ್ದದ್ದೇ. ಶೇಟ್ ಬದಲಿಸಿ ಕೊಟ್ಟಾರ, ದುಡ್ಡು ಬ್ಯಾಡ ಅಂದಾರ ಎಂದ. ಆಮೇಲೆ ಹಿತ್ತಲಿಗೆ ಹೋಗಿ ಗುಂಡಿ ತೋಡಿ, ಉಪ್ಪು, ಇದ್ದಿಲು ಹಾಕಿ, ಕಬ್ಬಿಣದ ಸಲಾಕೆ ಹುಗಿದು ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ವಾಯರ್ ಎಳೆದುಕೊಟ್ಟ. ನಮ್ಮ ಮನೆಯ ಸಾಕೆಟ್ಟುಗಳಿಗೆ ಅರ್ಥಿಂಗೇ ಇರಲಿಲ್ಲ. ಅದಿಲ್ಲದಿದ್ದರೆ ಎಷ್ಟು ಒಳ್ಳೆಯ ಡಬ್ಬಿ ಇದ್ದರೂ ತಗಡು ಜುಮ್ಮೆನ್ನಬಹುದು ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ಅಂದರೆ ಆ ಐದಾರು ವಾರ ನಾನು ಹೆದರಿದ್ದರಲ್ಲಿ ಅರ್ಧ ನನ್ನ ತಪ್ಪೇ ಆಗಿರಲಿಲ್ಲ. ಉಳಿದರ್ಧ ಆಗಿತ್ತು. ಹಾರ್ಡ್ ಡಿಸ್ಕಿಗೆ ಏನೂ ಆಗಿರಲಿಲ್ಲ. ಅಪ್ಪ ನಕ್ಷೆಯನ್ನು ಎರಡು ದಿನ ತಡವಾಗಿ ಕೊಟ್ಟ, ಕೆಲಸ ಉಳಿಯಿತು. ಅಪರಿಚಿತ ಶೇಟ್ ಇಷ್ಟು ಮಾಡಿದ, ಸ್ವಂತ ಭಾವಮೈದುನ ಹೀಗೆ ಮಾಡಿದ ಎಂದು ಅಪ್ಪ ವರ್ಷಗಟ್ಟಲೆ ಹೇಳುತ್ತಿದ್ದ.

ಆ ಮೇಲೆ ಮಾಮಾ ಮದುವೆಗಳಲ್ಲಿ, ಯಾರಾದರೂ ಸತ್ತರೆ ಮಣ್ಣಿನಲ್ಲಿ ಮಾತ್ರ ಸಿಕ್ಕ. ನಿಂತೇ ಮಾತಾಡಿಸುತ್ತಿದ್ದ. ಇಂಜಿನೇರ್ ಸಾಹೇಬ್ರ ಎನ್ನುವುದನ್ನು ಬಿಟ್ಟಿದ್ದ, ನನ್ನ ಹೆಸರು ಹಿಡಿದು ಕರೆಯುತ್ತಿದ್ದ. ನಮ್ಮ ಮನೆಯಲ್ಲಿ ಅವನೂ ಅಪ್ಪನೂ ಎದುರುಬದುರು ಕೂತು ಬಶಿಯಲ್ಲಿ ಚಹಾ ಸುರಿದು ಕುಡಿಯುವ ಸದ್ದು ಹೋಯಿತು. ಅವ್ವ ತವರಿಗೆ ಹೋದರೆ ಎರಡು ತಾಸಿನಲ್ಲಿ ತಿರುಗಿ ಬರುತ್ತಿದ್ದಳು. ತಮ್ಮನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಈಗ ಎರಡು ವರ್ಷದ ಹಿಂದೆ ಮಾಮಾ ತೀರಿಕೊಂಡ. ನಾನು ಹೇಳಬೇಕಾದದ್ದನ್ನು ಹೇಳಲು ಈಗ ಆ ವಿಳಾಸದಲ್ಲಿ ಯಾರೂ ಇಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಅವನ ಮಣ್ಣಿಗೆ ಹೋದಾಗ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಕಂಪ್ಯೂಟರ್ ಮಾರುವವರು ಉಪ್ಪು, ಇದ್ದಿಲು ಹೊತ್ತು ಬರುವುದನ್ನು ನಾನು ಮತ್ತೆಲ್ಲೂ ಕಂಡಿರಲಿಲ್ಲ. ಅದು ಮೋಟಾರಿನವರ ವಿಚಾರ. ಶೇಟ್‌ರನ್ನು ಹುಡುಕಿಕೊಂಡು ಹೋದೆ. ಈಗ ಅವರು ಸಿಸಿಟಿವಿ ಮಾರುತ್ತಾರೆ. ನಿಜವಾಗಿ ಕೇಳಬೇಕೆಂದಿದ್ದದ್ದು ಅವತ್ತು ಕೌಂಟರಿನ ಮುಂದೆ ನಾನು ಏನೆಂದೆ ಎಂಬುದನ್ನು. ಧೈರ್ಯ ಬರಲಿಲ್ಲ. ಆ ಡಬ್ಬಿಯನ್ನು ಕಳಿಸಿದವರು ಯಾರು ಎಂದಷ್ಟೇ ಕೇಳಿದೆ. ಮಲ್ಲಣ್ಣನೇ ದಸರೆಯ ದಿನ ಅಂಗಡಿಗೆ ಬಂದು ಕೊಂಡು, ಆಳಿಗೆ ಅರ್ಥಿಂಗ್ ಹಾಕುವುದನ್ನು ಕೂತು ತಿಳಿಸಿ, ತನ್ನ ಹೆಸರು ಹೇಳಬೇಡಿ ಎಂದು ಹೋದ ಎಂದರು ಅವರು.

ಒಬ್ಬರ ನೆನಪನ್ನು ನಾನು ನಂಬುವವನಲ್ಲ. ಅಕ್ಕಲಕೋಟಕ್ಕೆ ಹೋಗಿ, ಶೇಟ್ ಹೇಳಿದ್ದನ್ನು ಬಾಯಿಬಿಡದೆ, ಕಂಪ್ಯೂಟರ್ ಕೆಟ್ಟ ವರ್ಷದ ದಸರೆಗೆ ಮಾಮಾ ಎಲ್ಲಿದ್ದ ಎಂದು ಮಾಮಿಯನ್ನು ಕೇಳಿದೆ.

"ಎಲ್ಲಿರತಾರ, ಸೋಲಾಪುರಕ್ಕ ಬಂದಿದ್ರಲ್ಲ," ಎಂದಳು ಮಾಮಿ. "ಅಕ್ಕನ ಮನ್ಯಾಗ ಹೋಳಿಗಿ ಉಂಡು ಬಂದೀನಿ, ಹಸಿವಿಲ್ಲ ಅಂದ್ರು. ಯಾಕ, ಬಂದಿದ್ದಿಲ್ಲೇನು?"

ಆ ದಸರೆಯ ದಿನ ಮಾಮಾ ಸೋಲಾಪುರಕ್ಕೆ ಬಂದಿದ್ದ. ಇದೊಂದು ಖಚಿತ.