ಸಟನ್ನಿನ ಡೇರೆಯಲ್ಲಿ ಕೇಳಿದ ಕೆಮ್ಮು

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಎರಡನೇ ಪ್ಯಾರಾಕ್ಕೆ ಹೋಗದೆ ಪುಟ ತಿರುಗಿಸುತ್ತಿದ್ದೆ. ಆಸ್ಪತ್ರೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ರಕ್ತ, ಕಫ ಪರೀಕ್ಷೆ ಮಾಡಿದವನು ನಾನು. ಗೆಳೆಯರ ಮನೆಯಲ್ಲಿ ಊಟವಾದ ಮೇಲೆ ಯಾರಾದರೂ ಅಜ್ಜಿ ಕನಸಿನಲ್ಲಿ ಬಂದು ಹೇಳಿದ್ದು ನಿಜವಾಯಿತು ಎಂದು ಶುರು ಮಾಡಿದರೆ, ಲಾಟರಿ ನಂಬರ್ ಹೇಳಲಿಲ್ಲವೇ ಎಂದು ಕಾಲೆಳೆಯುತ್ತಿದ್ದೆ. ಆದ್ದರಿಂದ ಈಗ ಓದುವವರು ನಕ್ಕರೆ ನನ್ನದೇನೂ ತಕರಾರಿಲ್ಲ.

ಎರಡು ಸಾವಿರದ ನಾಲ್ಕೋ ಐದೋ, ಬೇಸಿಗೆ. ನಾವು ಮಕ್ಕಳನ್ನು ಪ್ರವೇಶ ಪರೀಕ್ಷೆ ಬರೆಸಿ ಗ್ರಾಮರ್ ಸ್ಕೂಲಿಗೆ ಸೇರಿಸುವ ಆಸೆಗೆ ಲಂಡನ್ನಿನ ಅಂಚಿನ ಸಟನ್ನಿಗೆ ಬಂದು ಅಲ್ಲೇ ಉಳಿದವರು. ಮಕ್ಕಳಿಬ್ಬರೂ ಯೂನಿವರ್ಸಿಟಿ ಸೇರಿದ ಮೇಲೆ ನನ್ನ ಹೆಂಡತಿ ಶಾಂತಾ ಒಂದು ದಿನ ಬ್ರೋಷರ್ ಒಂದನ್ನು ತಂದು ಊಟದ ಮೇಜಿನ ಮೇಲಿಟ್ಟಳು. ಕೀನ್ಯಾದಿಂದ ಯುಗಾಂಡಾಕ್ಕೆ ಲಾರಿಯಲ್ಲಿ ಪ್ರಯಾಣ, ಡೇರೆಯಲ್ಲಿ ನಿದ್ದೆ, ದಾರಿಯಲ್ಲಿ ಆನೆ, ಸಿಂಹ, ಕೊನೆಗೆ ಬೆಟ್ಟದ ಕಾಡಿನಲ್ಲಿ ಗೊರಿಲ್ಲಾ. ಅಗ್ಗದ ಪ್ರವಾಸ, ಡೇರೆ ಕಂಪನಿಯವರೇ ಕೊಡುತ್ತಾರೆ, ಹಾಕುವುದು ಮಾತ್ರ ಅವರವರೇ ಹಾಕಿಕೊಳ್ಳಬೇಕು. ಅವಳು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಗೊರಿಲ್ಲಾ ನೋಡುವ ಆಸೆಯನ್ನು ಮದುವೆಯಾದ ಹೊಸದರಲ್ಲೇ ನನಗೆ ಹೇಳಿದ್ದಳಂತೆ. ನನಗೆ ನೆನಪಿರಲಿಲ್ಲ.

"ಝೂದಾಗ ಅದಾವಲ್ಲ. ನೋಡಿಕೊಂಡು ಮನಿಗೆ ಬಂದು ಆರಾಮ ಮಲಗಬಹುದು," ಎಂದೆ.

ಅವಳು ನಗಲಿಲ್ಲ. ಒಬ್ಬಳ ಹೆಸರಿಗೇ ಬುಕ್ ಮಾಡಿದಳು. ಯಾರೋ ಮಾರುತ್ತಿದ್ದ ಹಳೆಯ ಹಸಿರು ಡೇರೆಯೊಂದನ್ನು ತಂದು, ಹಿತ್ತಲಿನ ಹುಲ್ಲಿನ ಮೇಲೆ ಹಾಕಿ ಬಿಚ್ಚಿ, ಹಾಕಿ ಬಿಚ್ಚಿ ಕೈ ಪಳಗಿಸಿಕೊಂಡಳು. ನಾನು ಒಳಗಿನಿಂದ ನೋಡುತ್ತಿದ್ದೆ, ಸಹಾಯಕ್ಕೆ ಹೋಗಲಿಲ್ಲ. ಹೊರಡುವ ದಿನ ಏರ್‌ಪೋರ್ಟಿಗೂ ಹೋಗಲಿಲ್ಲ. ಶಿಫ್ಟ್ ಇದೆ ಎಂದೆ. ಇರಲಿಲ್ಲ. ಅವಳು ಟ್ಯಾಕ್ಸಿ ಮಾಡಿಕೊಂಡು ಹೋದಳು. ಹಿತ್ತಲಿನ ಡೇರೆಯನ್ನು ಮಡಿಸಿಡಿ ಎಂದು ಹೇಳಿಹೋಗಿದ್ದಳು, ನಾನು ಹಟಕ್ಕೆ ಹಾಗೇ ಬಿಟ್ಟಿದ್ದೆ.

ಅವಳು ಹೋಗಿ ಎರಡು ವಾರವಾಗಿರಬೇಕು. ಭಾನುವಾರ, ಸಂಜೆ ಐದು ಗಂಟೆ. ಒಳ್ಳೆಯ ಬಿಸಿಲಿತ್ತು. ಅಡುಗೆಮನೆಯ ಬಾಗಿಲು ತೆರೆದಿಟ್ಟು ಪೇಪರ್ ಓದುತ್ತಿದ್ದೆ. ಡೇರೆಯೊಳಗಿನಿಂದ ಕೆಮ್ಮು ಕೇಳಿಸಿತು. ಎರಡು ಚಿಕ್ಕ ಕೆಮ್ಮು, ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಸಣ್ಣ ದನಿ. ಅದು ಶಾಂತಾಳ ಕೆಮ್ಮು. ಇಪ್ಪತ್ತಾರು ವರ್ಷ ಪಕ್ಕದಲ್ಲಿ ಮಲಗಿದವನಿಗೆ ಅದರಲ್ಲಿ ಅನುಮಾನ ಬರುವುದಿಲ್ಲ.

ಹೋಗಿ ಜಿಪ್ ಎಳೆದು ನೋಡಿದೆ. ಸುತ್ತಿಟ್ಟ ಹಗ್ಗ, ಒಂದು ಖಾಲಿ ನೀರಿನ ಬಾಟಲಿ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ವಾಪಸು ಬಂದು ಕೂತೆ. ಮತ್ತೆ ಕೆಮ್ಮು. ಈ ಸಲ ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದ ಹಾಗಿತ್ತು. ಪಕ್ಕದ ಮನೆಯವರು ರಜೆಗೆ ಹೋಗಿದ್ದರು. ಮೂರನೇ ಸಲ ಕೇಳಿದಾಗ ನಾನು ಎದ್ದು ಹಾಲು ಕಾಯಲು ಇಟ್ಟೆ.

ಯಾಕೆ ಎಂದರೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರು ಕೆಮ್ಮಿದರೂ ಅವಳು ಎದ್ದು ಕಷಾಯ ಮಾಡಿಕೊಡುತ್ತಿದ್ದಳು. ನಾನು ಅದನ್ನು ಕುಡಿದವನೇ ಹೊರತು ಒಂದು ದಿನವೂ ಮಾಡಿದವನಲ್ಲ. ಅವಳ ಪುಡಿಗಳೆಲ್ಲ ಹಳೆಯ ಕಾಫಿ ಡಬ್ಬಿಗಳಲ್ಲಿದ್ದವು, ಯಾವುದಕ್ಕೂ ಚೀಟಿಯಿಲ್ಲ. ಲ್ಯಾಬಿನಲ್ಲಿ ಚೀಟಿಯಿಲ್ಲದ ಬಾಟಲಿ ಕಂಡರೆ ಹಾರಾಡುತ್ತಿದ್ದವನು ನಾನು. ಕೈಗೆ ಸಿಕ್ಕಿದ ಡಬ್ಬಿಯಿಂದ ಎರಡು ಚಮಚ ಹಾಕಿದೆ, ಬೆಲ್ಲ ಹಾಕಿದೆ. ಕುದಿ ಬಂದಾಗ ಬೆಳ್ಳುಳ್ಳಿಯ ಘಾಟು ಎದ್ದಿತು. ನಾನು ಹಾಕಿದ್ದು ಕಷಾಯದ ಪುಡಿಯಲ್ಲ, ಮಸಾಲೆ ಖಾರ. ನಮ್ಮ ಕಡೆ ಪಲ್ಯ, ಸಾರಿಗೆಲ್ಲ ಹಾಕುವ ಕೆಂಪು ಪುಡಿ, ಬೆಳ್ಳುಳ್ಳಿ, ಒಣಕೊಬ್ಬರಿ ಹಾಕಿ ನನ್ನ ಅತ್ತೆ ಕುಟ್ಟಿ ಕಳಿಸಿದ್ದು. ಕುಡಿಯುವವರು ಯಾರಿದ್ದಾರೆ ಎಂದುಕೊಂಡು, ಅದನ್ನೇ ಸೋಸಿ ಸ್ಟೀಲ್ ಲೋಟಕ್ಕೆ ಹಾಕಿ ಡೇರೆಯ ಬಾಗಿಲಲ್ಲಿಟ್ಟು ಬಂದೆ. ಇಟ್ಟ ಮೇಲೆ ನನಗೇ ನಾಚಿಕೆಯಾಯಿತು.

ಆಮೇಲೆ ಕೆಮ್ಮು ಕೇಳಿಸಲಿಲ್ಲ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಲೋಟ ನೆಟ್ಟಗೆ ನಿಂತಿತ್ತು, ಒಳಗೆ ತಳಕ್ಕೆ ಅಂಟಿದ ಚರಟ ಮಾತ್ರ. ನಮ್ಮ ಹಿತ್ತಲಿಗೆ ನರಿ ಬರುವುದುಂಟು. ನರಿಯೇ ಇರಬೇಕು ಎಂದುಕೊಂಡೆ. ಬಿಸಿ ಖಾರದ ಹಾಲನ್ನು ಲೋಟ ಉರುಳಿಸದೆ ಕುಡಿಯುವ ನರಿ ಎಂಥದ್ದು ಎಂದು ಹೆಚ್ಚು ಯೋಚಿಸಲು ಹೋಗಲಿಲ್ಲ.

ಮಂಗಳವಾರ ಶಾಂತಾ ಯಾವುದೋ ಊರಿನ ಫೋನಿನ ಅಂಗಡಿಯಿಂದ ಮಾತಾಡಿದಳು. ದನಿ ಕೇಳಿದರೆ ಇಪ್ಪತ್ತು ವರ್ಷದ ಹುಡುಗಿ ಅನ್ನಬೇಕು.

"ನೋಡಿದೆ ರೀ! ಒಂದು ತಾಸು. ತಾಯಿ ಕೂಸಿನ್ನ ಎದಿಮ್ಯಾಲೆ ಹಾಕ್ಕೊಂಡು ಕುಂತಿತ್ತು. ಆದ್ರ ಹಿಂದಿನ ದಿನ ಎಲ್ಲಾ ಮುಗೀತು ಅಂದುಕೊಂಡಿದ್ದೆ."

ಮನುಷ್ಯರ ನೆಗಡಿ ತಗುಲಿದರೆ ಗೊರಿಲ್ಲಾಗಳು ಸತ್ತೇಹೋಗಬಹುದು. ಅದಕ್ಕೆ ಕೆಮ್ಮುವವರನ್ನು ಕಾಡಿನೊಳಗೆ ಬಿಡುವುದಿಲ್ಲ. ಪರ್ಮಿಟ್ ಇರುವುದು ಒಂದೇ ದಿನಕ್ಕೆ. ದಾರಿಯ ಧೂಳಿಗೆ ಇವಳಿಗೆ ಭಾನುವಾರ ಸಂಜೆ, ಆಗಷ್ಟೇ ಕತ್ತಲಾಗುವ ಹೊತ್ತಿಗೆ, ಕೆಮ್ಮು ಹತ್ತಿತು. ಯಾರಿಗೂ ಕೇಳಬಾರದೆಂದು ಡೇರೆಯಲ್ಲಿ ಶಾಲು ಬಾಯಿಗೆ ಒತ್ತಿಕೊಂಡು ಅಳುತ್ತ ಕೂತಿದ್ದಳು. ನೀರಿಗೆಂದು ಹೊರಗೆ ಕೈಚಾಚಿದರೆ ಅವಳ ತಗಡಿನ ಮಗ್ಗಿನ ತುಂಬ ಬಿಸಿ ಬಿಸಿ ಏನೋ ಇತ್ತು. ಕುಡಿದಳು. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು, ಬೆಳಗಿನವರೆಗೆ ಒಂದೂ ಕೆಮ್ಮಿಲ್ಲ. ಪ್ರವಾಸದ ಲಾರಿಯ ಅಡುಗೆಯವನಿಗೆ ಥ್ಯಾಂಕ್ಸ್ ಹೇಳಿದರೆ ಅವನು ನಾನೇನೂ ಕೊಟ್ಟಿಲ್ಲ ಎಂದನಂತೆ.

"ಬೆಳ್ಳುಳ್ಳಿ ಹಾಕಿದ ಕಷಾಯ ಎಲ್ಲರೆ ಕೇಳೀರೇನು? ಥೇಟ್ ನಮ್ಮವ್ವನ ಮಸಾಲಿ ಖಾರ!" ಎಂದು ನಕ್ಕಳು.

ಯುಗಾಂಡಾದ ಗಡಿಯಾರ ನಮಗಿಂತ ಎರಡು ತಾಸು ಮುಂದೆ. ನಮ್ಮ ಸಂಜೆ ಐದು ಎಂದರೆ ಅಲ್ಲಿ ಏಳು, ಆಗಷ್ಟೇ ಕತ್ತಲಾಗುವ ಹೊತ್ತು ಎಂದು ಬೆರಳು ಮಡಿಚಿ ಎರಡೆರಡು ಸಲ ಎಣಿಸಿದೆ. ಆಫ್ರಿಕಾದ ಅಡುಗೆಯಲ್ಲೂ ಬೆಳ್ಳುಳ್ಳಿಯಿದೆ, ಮೆಣಸಿನಕಾಯಿಯಿದೆ, ಮರೆಗುಳಿ ಅಡುಗೆಯವರೂ ಇರಬಹುದು. ಕಾಗದದ ಮೇಲೆ ಬರೆದರೆ ಎಲ್ಲಕ್ಕೂ ಒಂದೊಂದು ಕಾರಣ ಸಿಗುತ್ತದೆ. ಆದರೆ ಆ ಮೂರು ಸಲದ ಕೆಮ್ಮಿಗೆ ಮಾತ್ರ ಇವತ್ತಿನವರೆಗೂ ನನಗೆ ಕಾರಣ ಸಿಕ್ಕಿಲ್ಲ.

ಕರೆದುಕೊಂಡು ಬರಲು ಈ ಸಲ ನಾನೇ ಹೀಥ್ರೂಗೆ ಹೋದೆ. ಮೋಟರ್‌ವೇ ಹತ್ತಿದ ಮೇಲೆ ಎಲ್ಲವನ್ನೂ ಹೇಳಿದೆ: ಕೆಮ್ಮು, ತಪ್ಪು ಡಬ್ಬಿ, ಖಾಲಿ ಲೋಟ. ಶಿಫ್ಟಿನ ಸುಳ್ಳನ್ನೂ ಹೇಳಿದೆ. ಅವಳು ನಗಬಹುದು, ಇಲ್ಲವೇ ದೇವರಿಗೆ ಕೈಮುಗಿಯಬಹುದು ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು:

"ಅಷ್ಟು ದೂರದಾಗ ಕೆಮ್ಮಿದ್ದು ನಿಮಗ ಕೇಳಿಸ್ತು. ಇಷ್ಟು ವರ್ಷ ಬಾಜೂಕ ಕುಂತು ಮಾತಾಡಿದ್ದು ಯಾಕ ಕೇಳಿಸಲಿಲ್ಲ ರೀ?"

ನಾನು ರಸ್ತೆ ನೋಡುತ್ತ ಗಾಡಿ ಓಡಿಸಿದೆ. ಮನೆ ಮುಟ್ಟಿದವನೇ ಹಿತ್ತಲಿಗೆ ಹೋಗಿ, ಅವಳು ಹೇಳಿಹೋಗಿದ್ದ ಹಾಗೆ ಡೇರೆಯನ್ನು ಮಡಿಸಿಟ್ಟೆ.